ಸಾಗಣೆ ಉದ್ಯಮಕ್ಕೆ ನೆರವು: ಬಾಕಿ ಬಾಡಿಗೆಯಿಂದ ಆರಂಭವಾಗಲಿ

ಮಾನ್ಯ ಸಂಪಾದಕರೇ,

ಸರಕು ಸಾಗಣೆ ಉದ್ಯಮಕ್ಕೆ ಸರ್ಕಾರದ ನೆರವು ಎಂದಾಗಲೆಲ್ಲ ಹೆದ್ದಾರಿ, ಕಾರಿಡಾರ್, ಲಾಜಿಸ್ಟಿಕ್ಸ್ ಪಾರ್ಕ್‌ಗಳ ಮಾತೇ ಮುಂದೆ ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯ ಒತ್ತು ಕೂಡ ಸಾಗಣೆ ವೆಚ್ಚವನ್ನು ತಗ್ಗಿಸುವುದರ ಮೇಲಿದೆ. ಅದು ಬೇಕಾದದ್ದೇ. ಆದರೆ ಒಂದೋ ಎರಡೋ ಲಾರಿ ಇಟ್ಟುಕೊಂಡು ಬದುಕುವ ಮಾಲೀಕರಿಗೆ ಎಲ್ಲಕ್ಕಿಂತ ಮೊದಲು ಬೇಕಿರುವುದು, ದುಡಿದ ಬಾಡಿಗೆ ಸಕಾಲಕ್ಕೆ ಕೈಸೇರುವುದು.

ಲೋಡ್ ಹಿಡಿಯುವಾಗ ಏಜೆಂಟರು ಕೊಡುವ ಮುಂಗಡ ಡೀಸೆಲ್, ಟೋಲ್ ಮತ್ತು ಚಾಲಕರ ಬತ್ತೆಗೇ ಮುಗಿದುಹೋಗುತ್ತದೆ. ಸರಕು ಇಳಿಸಿ, ಸಹಿ ಮತ್ತು ಮೊಹರು ಬಿದ್ದ ರಸೀದಿ ಬುಕಿಂಗ್ ಕಚೇರಿಗೆ ತಲುಪಿದ ಮೇಲೂ ಉಳಿದ ಹಣಕ್ಕಾಗಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅಲೆಯಬೇಕು. ಗೋದಾಮಿನ ಮುಂದೆ ಅನ್‌ಲೋಡ್‌ಗೆ ಕಾದು ನಿಂತ ದಿನಗಳಿಗೆ ಹಾಲ್ಟಿಂಗ್ ಹಣ ಕೇಳಿದರೆ ಮುಂದಿನ ಲೋಡ್ ಕೈತಪ್ಪೀತೆಂಬ ಭಯದಿಂದ ಹಲವರು ಬಾಯಿ ಬಿಡುವುದೇ ಇಲ್ಲ. ಡೀಸೆಲ್‌ಗೆ ಅಲ್ಲಲ್ಲೇ ಹಣ ಕೊಡಬೇಕು, ಫಾಸ್ಟ್ಯಾಗ್‌ನಲ್ಲಿ ಮೊದಲೇ ದುಡ್ಡಿರಬೇಕು, ಲಾರಿಯ ಕಂತು ತಪ್ಪಿದರೆ ಬಡ್ಡಿಯ ಮೇಲೆ ದಂಡ ಬೀಳುತ್ತದೆ. ಬಾಡಿಗೆಯೊಂದು ಮಾತ್ರ ಸಾಲವಾಗಿ ಉಳಿಯುತ್ತದೆ. ಇದು ಅನ್ಯಾಯ.

ಇದಕ್ಕೆ ಕಾನೂನು ಇಲ್ಲವೆಂದಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ಉದ್ಯಮದಿಂದ ಸರಕು ಅಥವಾ ಸೇವೆ ಪಡೆದವರು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಸಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಇದಕ್ಕೆ ಬೇಕಾದ, ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ‘ಉದ್ಯಮ್’ ನೋಂದಣಿಯೂ ಉಚಿತ. ಆದರೆ ಫೋನಿನಲ್ಲೇ ಮಾತು ಮುಗಿದು, ಸರಕಿನ ಒಡೆಯರಿಗೂ ಲಾರಿಯವರಿಗೂ ನಡುವೆ ಇಬ್ಬರು ಮೂವರು ಮಧ್ಯವರ್ತಿಗಳಿರುವಾಗ ಹಣ ಕೊಡಬೇಕಾದವರು ಯಾರು, ಎಷ್ಟು ಕೊಡಬೇಕು ಎಂಬುದಕ್ಕೆ ಪುರಾವೆಯೇ ಸಿಗುವುದಿಲ್ಲ.

ಸರಕು ಸಾಗಿಸಲು ಜಿಎಸ್‌ಟಿಯಡಿ ಪಡೆಯಬೇಕಾದ, 2018ರಿಂದ ಜಾರಿಯಲ್ಲಿರುವ ಆನ್‌ಲೈನ್ ಚೀಟಿಯಾದ ಇ-ವೇ ಬಿಲ್‌ನಲ್ಲಿ ಸರಕಿನ ಮೌಲ್ಯ, ಹೊರಡುವ ಮತ್ತು ಸೇರುವ ಸ್ಥಳ, ಲಾರಿಯ ನಂಬರ್ ಎಲ್ಲವೂ ದಾಖಲಾಗುತ್ತವೆ. ತೆರಿಗೆಗಾಗಿ ಇಷ್ಟನ್ನು ಬರೆಸುವ ಸರ್ಕಾರವು, ಒಪ್ಪಿದ ಬಾಡಿಗೆ, ಕೊಟ್ಟ ಮುಂಗಡ, ಲೋಡ್ ಹಾಗೂ ಅನ್‌ಲೋಡ್ ಆದ ಸಮಯ, ಬಾಕಿ ತೀರಿಸಬೇಕಾದ ದಿನಾಂಕ ಇವನ್ನೂ ಡಿಜಿಟಲ್ ಚೀಟಿಯೊಂದರಲ್ಲಿ ದಾಖಲಿಸುವುದನ್ನು ಏಕೆ ಕಡ್ಡಾಯಗೊಳಿಸಬಾರದು? ಬೊಕ್ಕಸಕ್ಕೆ ಇದರಿಂದ ದೊಡ್ಡ ಹೊರೆಯೇನೂ ಬೀಳದು.

ಡೀಸೆಲನ್ನು ಜಿಎಸ್‌ಟಿ ವ್ಯಾಪ್ತಿಗೆ ತರಬೇಕೆಂಬ ಬೇಡಿಕೆ ನ್ಯಾಯವಾದದ್ದೇ ಆದರೂ, ಅದಕ್ಕೆ ಕೇಂದ್ರ ಮತ್ತು ರಾಜ್ಯಗಳು ಒಮ್ಮತಕ್ಕೆ ಬರಬೇಕು. ಬಾಡಿಗೆ ಚೀಟಿಗೆ ಅಷ್ಟು ಕಾಯಬೇಕಿಲ್ಲ. ಲಾರಿ ಮಾಲೀಕರ ಸಂಘಗಳು ಸರ್ಕಾರದೊಂದಿಗಿನ ಮುಂದಿನ ಮಾತುಕತೆಯಲ್ಲಿ ಡೀಸೆಲ್ ಮತ್ತು ಟೋಲ್ ದರಗಳ ಜೊತೆಗೆ ಈ ಬೇಡಿಕೆಯನ್ನೂ ಲಿಖಿತವಾಗಿ ಮುಂದಿಡಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ