ಕೈಪಿಡಿಯ ತಪ್ಪೂ ತಂತ್ರಾಂಶದ ತಪ್ಪೇ

ಮಾನ್ಯ ಸಂಪಾದಕರೇ,

ಟರ್ಮಿನಲ್ ಪರದೆಯಲ್ಲಿ ಆದೇಶಗಳನ್ನು ಟೈಪಿಸಿ ನಡೆಸುವ ಕಮಾಂಡ್ ಲೈನ್ ತಂತ್ರಾಂಶಗಳ ಕೈಪಿಡಿ ಹೇಳುವುದೊಂದು, ಅವು ಮಾಡುವುದು ಇನ್ನೊಂದು ಎಂಬ ದೂರನ್ನು ಅಭಿವೃದ್ಧಿಕಾರರು ಸಣ್ಣ ವಿಷಯವೆಂದು ಬದಿಗಿಡುವುದು ಸರಿಯಲ್ಲ. ಗುಂಡಿಗಳೂ ಪಟ್ಟಿಗಳೂ ಇರುವ ಆ್ಯಪ್‌ನಲ್ಲಿ ಏನು ಮಾಡಬಹುದೆಂಬುದು ಪರದೆಯ ಮೇಲೇ ಕಾಣುತ್ತದೆ. ಟರ್ಮಿನಲ್‌ನಲ್ಲಿ ಹಾಗಿಲ್ಲ, ಅಲ್ಲಿ ಕೈಪಿಡಿಯೇ ಆಧಾರ.

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ‘ಟೈಮ್’ ಕಮಾಂಡನ್ನು ನೋಡಿ. ಅದರ ಮ್ಯಾನ್ ಪುಟದಲ್ಲಿ, ಅಂದರೆ ಕಂಪ್ಯೂಟರಿನಲ್ಲೇ ಸಿಗುವ ಕೈಪಿಡಿ ಪುಟದಲ್ಲಿ, ಒಂದು ಪ್ರೋಗ್ರಾಂ ಬಳಸಿದ ಸಮಯ ಮತ್ತು ಮೆಮೊರಿಯ ಪೂರ್ಣ ವಿವರ ಕೊಡುವ ‘-ವಿ’ ಎಂಬ ಆಯ್ಕೆಯಿದೆ. ಅದನ್ನು ಹಾಗೆಯೇ ಬ್ಯಾಷ್‌ನಲ್ಲಿ (ಟೈಪಿಸಿದ ಕಮಾಂಡುಗಳನ್ನು ಓದಿ ನಡೆಸುವ ಪ್ರೋಗ್ರಾಂನಲ್ಲಿ) ಟೈಪಿಸಿದರೆ, ‘-ವಿ’ ಎಂಬ ಕಮಾಂಡೇ ಇಲ್ಲವೆಂಬ ಉತ್ತರ ಬರುತ್ತದೆ. ಪುಟವು ವಿವರಿಸುವುದು ಡಿಸ್ಕ್‌ನಲ್ಲಿರುವ ಪ್ರತ್ಯೇಕ ಪ್ರೋಗ್ರಾಂ ಅನ್ನು. ಓಡುವುದು ಬ್ಯಾಷ್ ತನ್ನೊಳಗೇ ಇಟ್ಟುಕೊಂಡಿರುವ, ಅದೇ ಹೆಸರಿನ ಇನ್ನೊಂದು. ‘ಟೈಪ್’ ಕಮಾಂಡಿನಿಂದ ಇದು ತಿಳಿಯುತ್ತದೆ ನಿಜ, ಆದರೆ ಅನುಮಾನ ಬಂದವರಷ್ಟೇ ಅದನ್ನು ಬಳಸುತ್ತಾರೆ.

ದೋಷ ಸಂದೇಶ ಬಂದರೆ ಅಷ್ಟರ ಮಟ್ಟಿಗೆ ವಾಸಿ. ಪಠ್ಯ ತಿದ್ದುವ ‘ಸೆಡ್’ ಕಮಾಂಡಿನಲ್ಲಿ ಕಡತವನ್ನು ಇದ್ದಲ್ಲಿಯೇ ತಿದ್ದುವ ‘-ಐ’ (-i) ಆಯ್ಕೆಯಿದೆ. ಹಳೆಯ ಪ್ರತಿಯನ್ನು ಉಳಿಸಲು ಅದರ ಹೆಸರಿನ ತುದಿಗೆ ಸೇರಿಸುವ ಬಾಲವನ್ನು ಈ ಆಯ್ಕೆಗೆ ಕೊಡುವುದು, ಲಿನಕ್ಸ್‌ನಲ್ಲಿ ಸಾಮಾನ್ಯವಾದ ಗ್ನೂ ಆವೃತ್ತಿಯಲ್ಲಿ ಐಚ್ಛಿಕ, ಮ್ಯಾಕ್‌ಓಎಸ್‌ನಲ್ಲಿ ಕಡ್ಡಾಯ. ಹೀಗಾಗಿ ಗ್ನೂ ಕೈಪಿಡಿಯನ್ನು ನಂಬಿ ‘-ಐ’ ಆದಮೇಲೆ ‘-ಇ’ (-e) ಎಂಬ ಬೇರೆ ಆಯ್ಕೆಯನ್ನು ಬರೆದ ಸ್ಕ್ರಿಪ್ಟ್ (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಕಡತ) ಮ್ಯಾಕ್‌ನಲ್ಲಿ ಯಾವ ತಕರಾರೂ ಇಲ್ಲದೆ ಓಡಿ, ಹೆಸರಿನ ತುದಿಗೆ ‘-ಇ’ ಅಂಟಿಕೊಂಡ ಬೇಡದ ಪ್ರತಿಯೊಂದನ್ನು ಪಕ್ಕದಲ್ಲಿ ಉಳಿಸಿ ಹೋಗುತ್ತದೆ. ‘ಕಿಲ್ಆಲ್’ ಇನ್ನೂ ಅಪಾಯಕಾರಿ: ಲಿನಕ್ಸ್‌ನಲ್ಲಿ ಹೆಸರಿಸಿದ ಪ್ರಕ್ರಿಯೆಗಳನ್ನಷ್ಟೇ (ಓಡುತ್ತಿರುವ ಪ್ರೋಗ್ರಾಂಗಳನ್ನಷ್ಟೇ) ನಿಲ್ಲಿಸುವ ಈ ಕಮಾಂಡ್, ಸೋಲಾರಿಸ್ ಎಂಬ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಎಲ್ಲವನ್ನೂ ನಿಲ್ಲಿಸಲೆಂದೇ ಇರುವಂಥದು. ಲಿನಕ್ಸ್‌ನ ಕಿಲ್ಆಲ್ ಕೈಪಿಡಿ ಈ ಬಗ್ಗೆ ಎಚ್ಚರಿಕೆ ಕೊಡುತ್ತದೆ ಎಂಬುದನ್ನು ಮೆಚ್ಚಬೇಕು. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ 1971ರ ಮೊದಲ ಕೈಪಿಡಿಯಲ್ಲಿಯೇ ದೋಷಗಳನ್ನು ಹೇಳಲು ಪ್ರತ್ಯೇಕ ಭಾಗವಿತ್ತು. ಆ ಪ್ರಾಮಾಣಿಕತೆ ಇಂದಿನ ಅನೇಕ ಕೈಪಿಡಿಗಳಲ್ಲಿಲ್ಲ.

ನನ್ನ ಮುಖ್ಯ ಆಕ್ಷೇಪ ಬೇರೆ. ಪ್ರೋಗ್ರಾಂ ಬದಲಾಗಿ ಕೈಪಿಡಿ ಹಳೆಯದಾಗಿಯೇ ಉಳಿದಾಗ, ದೂರು ಬಂದ ಮೇಲೆ ಕೈಪಿಡಿಯ ಸಾಲನ್ನು ಸದ್ದಿಲ್ಲದೆ ತಿದ್ದಿ ವಿಷಯ ಮುಗಿಯಿತೆನ್ನುವ ರೂಢಿಯಿದೆ. ಹಳೆಯ ಸಾಲನ್ನು ನಂಬಿ ಬರೆದ ಸ್ಕ್ರಿಪ್ಟ್‌ಗಳ ಗತಿಯೇನು? ಎರಡರಲ್ಲಿ ಯಾವುದು ತಪ್ಪು ಎಂಬುದನ್ನು ಬಹಿರಂಗವಾಗಿ ತೀರ್ಮಾನಿಸಿ, ಆವೃತ್ತಿ ಟಿಪ್ಪಣಿಯಲ್ಲಿ ದಾಖಲಿಸಬೇಕು. ಆಯ್ಕೆಗಳ ಪಟ್ಟಿಯನ್ನು ಕೋಡ್‌ನಿಂದಲೇ ತಾನಾಗಿ ತಯಾರಿಸುವ ಸಾಧನಗಳಿದ್ದರೂ, ಅವು ಹೆಸರುಗಳನ್ನು ಸರಿಯಾಗಿಡುತ್ತವೆಯೇ ಹೊರತು ವಿವರಣೆ ನಿಜವೇ ಎಂದು ನೋಡುವುದಿಲ್ಲ. ಆದ್ದರಿಂದ ಕೈಪಿಡಿಯ ಪ್ರತಿ ಉದಾಹರಣೆಯನ್ನೂ ಬಿಡುಗಡೆಗೆ ಮುನ್ನ ಓಡಿಸಿ ಪರೀಕ್ಷಿಸುವುದು ಕಡ್ಡಾಯವಾಗಬೇಕು. ಬಳಕೆದಾರರೂ ದೂರು ಕೊಡುವಾಗ ಆವೃತ್ತಿ ಸಂಖ್ಯೆ, ಕೈಪಿಡಿಯ ಸಾಲು ಹಾಗೂ ಪರದೆಯಲ್ಲಿ ಬಂದ ಫಲಿತಾಂಶ, ಈ ಮೂರನ್ನೂ ಒಟ್ಟಿಗೆ ಕಳುಹಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಒಬ್ಬ ಸಿಸ್ಟಂ ನಿರ್ವಾಹಕ