ಮಗಳಿಗೊಂದು ಪತ್ರ: ಹುಲಿ ಇಲ್ಲದ ಎರಡು ಬಿಳಿ ಗಿ

ನವನಗರ, ಬಾಗಲಕೋಟೆ

ಪ್ರೀತಿಯ ಮಗಳೇ,

ನಿನ್ನ ಬ್ರೆಜಿಲಿಯನ್ ಜಿಯು-ಜಿತ್ಸು ಕ್ಲಾಸಿಗೆ ಗಿ, ಅಂದರೆ ಆ ಆಟದ ಅಂಗಿ-ಪ್ಯಾಂಟು, ಕೊಳ್ಳಬೇಕು ಅಂತ ನೀನು ಕಳಿಸಿದ ಮೂರೂ ಫೋಟೊ ನೋಡಿದೆ. ಹೊಲಿಗೆ ಕಾಣುವ ತನಕ ದೊಡ್ಡದು ಮಾಡಿ ನೋಡಿದೆ. ನಿನ್ನ ಮನಸ್ಸು ಆ ಕಪ್ಪು ಗಿ ಮೇಲಿದೆ ಅಂತ ಗೊತ್ತಾಯಿತು. ಬೆನ್ನ ಮೇಲೆ ಹುಲಿ, ತೋಳಿಗೆ ಬಂಗಾರದ ಬಣ್ಣದ ಕಸೂತಿ, ಬೆಲೆ ಒಂಬತ್ತು ಸಾವಿರ. ದುಡ್ಡು ಕೊಡಲ್ಲ ಅಂತ ಹೇಳುತ್ತಿಲ್ಲ. ಒಂಬತ್ತು ಸಾವಿರವೂ ಕೊಡುತ್ತೇನೆ. ಆದರೆ ಅದರಲ್ಲಿ ಹುಲಿ ಇಲ್ಲದ ಎರಡು ಬಿಳಿ ಗಿ ತಗೋ. ಫೋನಿನಲ್ಲಿ ಹೇಳಿದರೆ "ಹ್ಞೂಂ ಅವ್ವಾ, ಆಯ್ತವ್ವಾ" ಅಂದು ಇಟ್ಟುಬಿಡುತ್ತೀ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಜಗಳಕ್ಕೆ ಬಾ.

ದಸರೆಗೆ ಬಂದಾಗ ಸೀನಿಯರ್ ಕೊಟ್ಟ ಹಳೇ ಅಂಗಿ ರಿಪೇರಿಗೆ ತಂದಿದ್ದೆ, ಅಲ್ವಾ? ಅದು ನಿಮ್ಮ ಆಟದ್ದಲ್ಲ, ಜೂಡೊ ಅಂಗಿ. ಕೆಳಗಿನ ಘೇರು ಉದ್ದ, ತೋಳು ಅಗಲ. ಜೂಡೊದಲ್ಲಿ ಅದು ಸರಿ, ನಿಮ್ಮಲ್ಲಿ ಅಷ್ಟು ಸಡಿಲು ಬಟ್ಟೆ ಎದುರಾಳಿಯ ಕೈಗೆ ಸುಮ್ನೆ ಕೊಟ್ಟಂತೆ. ನಾನು ಗಮನಿಸಿದ್ದು ಬೇರೆ. ಬಟ್ಟೆ ಎಲ್ಲೂ ಹರಿದಿರಲಿಲ್ಲ. ಬಿಟ್ಟುಕೊಂಡದ್ದು ಕಂಕುಳ ಹೊಲಿಗೆ. ಬ್ಲೌಸು, ಚೂಡಿದಾರ ಹೊಲಿಯುವ ನನ್ನಂಥವಳಿಗೆ ಅದು ವಿಚಿತ್ರ ಅಂಗಿ. ನಾವು ಹೊಲಿಯುವ ಬಟ್ಟೆಯನ್ನು ಯಾರೂ ಹಿಡಿದು ಜಗ್ಗುವುದಿಲ್ಲ. ಇದು ಜಗ್ಗಲಿಕ್ಕೆ ಅಂತಲೇ ಹೊಲಿದ ಬಟ್ಟೆ. ಕಾಲರು ಹಿಡಿದು ಕುತ್ತಿಗೆ ಬಿಗಿಯುತ್ತೀರಿ, ತೋಳಿನ ಅಂಚು ಹಿಡಿದು ಎಳೆಯುತ್ತೀರಿ, ಪ್ಯಾಂಟಿನ ಮೊಣಕಾಲು ಹಿಡಿದು ಆಚೆ ದಾಟುತ್ತೀರಿ. ಅರ್ಧ ಪಟ್ಟು ಬಟ್ಟೆಯ ಮೇಲೇ ನಡೆಯುತ್ತದೆ. ಹಾಗಿದ್ದ ಮೇಲೆ ಮೊದಲು ನೋಡಬೇಕಾದ್ದು ಹೊಲಿಗೆ.

ನಿಮ್ಮಜ್ಜನಿಗೆ ನಿನ್ನ ಆಟದ ವಿಡಿಯೊ ತೋರಿಸಿದೆ. ಅವರು ಜಮಖಂಡಿಯ ಗರಡಿ ಮನೆಯಲ್ಲಿ ತಾಲೀಮು ಮಾಡಿದವರು, ಜಾತ್ರೆ ಕುಸ್ತಿ ಆಡಿದವರು. ನೀನು ಕೆಳಗೆ ಬೆನ್ನ ಮೇಲೆ ಮಲಗಿದ್ದೆ, ಮೇಲೆ ಇನ್ನೊಬ್ಬಳು ಕೂತಿದ್ದಳು. "ಮುಗೀತಲ್ಲ, ಚಿತ್ ಆದಳು" ಅಂದು ಫೋನ್ ವಾಪಸ್ ಕೊಟ್ಟರು. ಅವರ ಲೆಕ್ಕದಲ್ಲಿ ಎರಡೂ ಭುಜ ಮಣ್ಣಿಗೆ ಹತ್ತಿದರೆ ಕುಸ್ತಿ ಮುಗಿದಂತೆ. ಕೆಳಗೆ ಮಲಗಿದವಳು ಕಾಲಿನಿಂದ ಎದುರಾಳಿಯ ಸೊಂಟ ಕಟ್ಟಿ ಹಿಡಿಯಬಹುದು, ಅದಕ್ಕೆ ಗಾರ್ಡ್ ಅನ್ನುತ್ತಾರೆ, ಅಲ್ಲಿಂದಲೇ ತೋಳು ಮುರಿಯುವ ಪಟ್ಟು ಹಾಕಬಹುದು ಅಂತ ನೀನು ಹೇಳಿಕೊಟ್ಟಿದ್ದನ್ನೇ ಹೇಳಿದೆ. ನಂಬಲಿಲ್ಲ. ಆಮೇಲೆ ವಿಡಿಯೊ ಮತ್ತೆ ಹಾಕಿಸಿಕೊಂಡರು. ಮೂರನೇ ಸಲ ನೋಡುವಾಗ, "ಆ ಎಡಗಾಲು ಇನ್ನಷ್ಟು ಮೇಲೆ ಹೋಗಬೇಕಿತ್ತು" ಅಂದರು. ವಸ್ತಾದರ ಬುದ್ಧಿ ಎಲ್ಲಿ ಹೋಗುತ್ತದೆ!

ನಿಮ್ಮ ಈ ಆಟ ಹುಟ್ಟಿದ ಕಥೆಯನ್ನೂ ಅವರಿಗೆ ಹೇಳಿದೆ. ಜಪಾನಿನ ಜಿಗೊರೊ ಕಾನೊ 1882ರಲ್ಲಿ ಜೂಡೊ ಶಾಲೆ ಕಟ್ಟಿದ್ದು, ಅಲ್ಲಿ ಕಲಿತ ಮಿತ್ಸುಯೊ ಮಾಯೆದಾ ಊರೂರು ಸುತ್ತಿ ಕುಸ್ತಿ ಆಡುತ್ತ 1914ರಲ್ಲಿ ಬ್ರೆಜಿಲ್ ಮುಟ್ಟಿದ್ದು, ಬೆಲೆಂ ಊರಿನಲ್ಲಿ ಕಾರ್ಲೋಸ್ ಗ್ರೇಸಿ ಎಂಬ ಹುಡುಗನಿಗೆ ಕಲಿಸಿದ್ದು. ಕಾರ್ಲೋಸನ ತಮ್ಮ ಹೀಲಿಯೊ ಸಣಕಲ. ಬಲಕ್ಕಿಂತ ಸಂದು ಹಿಡಿದು ತಿರುಗಿಸುವ ಕಡೆಗೆ ಆಟ ವಾಲಿತು. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ಎಂಬ, ಬೇರೆ ಬೇರೆ ವರಸೆಯವರು ಸೇರಿ ಆಡುವ ಕಾಳಗ ನಡೆದಾಗ ಹೀಲಿಯೊನ ಮಗ ರಾಯ್ಸ್ ಬಿಳಿ ಗಿ ಹಾಕಿಕೊಂಡೇ ಇಳಿದು ಒಂದೇ ರಾತ್ರಿ ಮೂವರನ್ನು ಸೋಲಿಸಿದ. ಬಿಳಿ ಗಿ. ಅದರ ಮೇಲೆ ಹುಲಿ ಇರಲಿಲ್ಲ, ನೆನಪಿರಲಿ.

ಈಗ ಬಟ್ಟೆಗೆ ಬರೋಣ.

ಹೆಚ್ಚಿನ ಕಂಪನಿಗಳು ಅಂಗಿಗೆ ಪರ್ಲ್ ವೀವ್ ಎಂಬ ನೇಯ್ಗೆಯ ಬಟ್ಟೆ ಹಾಕುತ್ತವೆ. ಹೊರಮೈ ಮೇಲೆ ಸಣ್ಣ ಮುತ್ತು ಸಾಲಾಗಿ ಪೋಣಿಸಿದಂತೆ ಕಾಣುತ್ತದೆ, ಒಳಮೈ ನುಣುಪು. ಹಗುರಾಗಿದ್ದೂ ಬಾಳಿಕೆ ಬರುತ್ತದೆ. ಡಬಲ್ ವೀವ್ ದಪ್ಪ, ಹಿಡಿಯಲು ಕಷ್ಟ, ಬೇಗ ಒಣಗುವುದಿಲ್ಲ. ಗೋಲ್ಡ್ ವೀವ್ ಎರಡರ ನಡುವಿನದು. ನೀನು ಕೇಳಿದ ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. ನಾನು ಬ್ಲೌಸಿಗೆ ಹಾಕುವ ಲೈನಿಂಗ್ ನೂರರ ಆಸುಪಾಸು. ದಪ್ಪ ಜೀನ್ಸ್ ನಾನೂರರ ಸುತ್ತ. ಗಿಯಲ್ಲಿ 350 ಅಂದರೆ ಹಗುರ, 550 ಅಂದರೆ ಭಾರ. ದಿನಾ ಹಾಕಿ ಒಗೆಯುವ ನಿನಗೆ 400ರಿಂದ 450 ಸಾಕು. ಅದಕ್ಕಿಂತ ತೆಳುವಾದರೆ ಬೇಗ ಸವೆಯುತ್ತದೆ. ದಪ್ಪ ಇದ್ದಷ್ಟೂ ಒಳ್ಳೆಯದು ಅಂತ ಅಂಗಡಿಯವರು ಹೇಳಿದರೆ ನಂಬಬೇಡ.

ದಪ್ಪ ಬೇಡ ಅನ್ನುವುದಕ್ಕೆ ಇನ್ನೊಂದು ಲೆಕ್ಕ ಇದೆ. ಮುಂದೆ ಸ್ಪರ್ಧೆಗೆ ಹೋಗುವ ಆಸೆ ನಿನಗಿದೆ. ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿತ್ಸು ಫೆಡರೇಶನ್ನಿನ ಸ್ಪರ್ಧೆಗಳಲ್ಲಿ ಗಿ ಹಾಕಿಕೊಂಡೇ ತೂಕ ನೋಡುತ್ತಾರೆ. ಹೆಂಗಸರ ಲೈಟ್ ಫೆದರ್ ವರ್ಗದ ಮಿತಿ 53.5 ಕೆಜಿ. ನೀನು 52. ಒಂದೂಕಾಲು ಕೆಜಿಯ ಗಿ ಹಾಕಿದರೆ ಒಳಗೆ ಉಳಿಯುತ್ತೀ. ಎರಡು ಕೆಜಿಯ ದಪ್ಪ ಗಿ ಹಾಕಿದರೆ 54 ಆಯಿತು. ಆಗ 58.5ರ ತನಕ ಇರುವ ಫೆದರ್ ವರ್ಗದವರ ಜೊತೆ ಆಡಬೇಕು. ಬಟ್ಟೆ ಸಲುವಾಗಿ ಊಟ ಬಿಡುವ ಯೋಚನೆ ಮಾತ್ರ ಮಾಡಬೇಡ. ಶೇಂಗಾ ಹೋಳಿಗೆ, ಅಮೀನಗಡದ ಕರದಂಟು ಎರಡೂ ಮುಂದಿನ ವಾರ ಬರುತ್ತವೆ, ತಿನ್ನು.

ಪ್ಯಾಂಟು ಎರಡು ಥರ. ಒಂದು ಕಾಟನ್ ಡ್ರಿಲ್, ಇನ್ನೊಂದು ರಿಪ್‌ಸ್ಟಾಪ್. ರಿಪ್‌ಸ್ಟಾಪಿನಲ್ಲಿ ಹಾಸಿನಲ್ಲೂ ಹೊಕ್ಕಿನಲ್ಲೂ ಅಲ್ಲಲ್ಲಿ ದಪ್ಪ ಎಳೆ ಕೊಟ್ಟಿರುತ್ತಾರೆ, ಸಣ್ಣ ಚೌಕಳಿ ಕಾಣುತ್ತದೆ. ಹರುಕು ಬಂದರೂ ಆ ಎಳೆಗೆ ಬಂದು ನಿಲ್ಲುತ್ತದೆ. ಒಣಗುವುದೂ ಬೇಗ. ಆದರೆ ಮೊದಮೊದಲು ಮೈಗೆ ಒರಟು. ನನಗೆ ಡ್ರಿಲ್ಲೇ ಇಷ್ಟ, ಹರಿದರೆ ತೇಪೆ ಚೆನ್ನಾಗಿ ಕೂರುತ್ತದೆ. ಇದರಲ್ಲಿ ನಿನ್ನ ಇಷ್ಟದಂತೆ ಮಾಡು.

ಅಂಗಿ ಕೈಗೆ ಬಂದ ಕೂಡಲೇ ಒಳಗೆ ಹೊರಗೆ ತಿರುಗಿಸು. ಕಂಕುಳು, ಭುಜ, ಬದಿಯ ಸೀಳು, ತೊಡೆಸಂದಿ, ಮೊಣಕಾಲು, ಈ ಐದು ಕಡೆ ಕಣ್ಣಿಡು. ಸೀಳಿನ ತುದಿಯಲ್ಲಿ ದಾರ ಒತ್ತಾಗಿ ಓಡಾಡಿಸಿ ಗಟ್ಟಿ ಮಾಡಿರಬೇಕು. ಕಂಕುಳಲ್ಲೂ ತೊಡೆಸಂದಿಯಲ್ಲೂ ಬೇರೆ ತುಂಡು ಕೊಟ್ಟಿರಬೇಕು. ನಾಲ್ಕು ಹೊಲಿಗೆ ಒಂದೇ ಕಡೆ ಬಂದು ಸೇರಿದರೆ ಮೊದಲು ಬಿಡುವುದು ಅಲ್ಲೇ. ಮೊಣಕಾಲಿಗೆ ಎರಡು ಪದರ ಇರಲೇಬೇಕು, ಅದೂ ಮೊಣಕಾಲಿನ ಕೆಳಗಿನ ತನಕ. ಬೆನ್ನಿನ ನಡುವೆ ಜೋಡಣೆ ಇಲ್ಲದೆ ಒಂದೇ ತುಂಡು ಇದ್ದರೆ ಒಳ್ಳೆಯದು. ಕಾಲರಿನ ಒಳಗೆ ಏನು ತುಂಬಿದ್ದಾರೆ ಅಂತ ಕೇಳು. ಫೋಮ್ ಇದ್ದರೆ ಬೇಗ ಒಣಗುತ್ತದೆ. ಬಟ್ಟೆಯನ್ನೇ ಮಡಚಿ ತುಂಬಿದ್ದರೆ ಅಂಗಿಯೆಲ್ಲ ಒಣಗಿದರೂ ಕಾಲರು ಹಸಿ ಇರುತ್ತದೆ, ಅಲ್ಲೇ ವಾಸನೆ ಹುಟ್ಟುವುದು.

ಆ ಹುಲಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಕಸೂತಿಯ ಒಳಮಗ್ಗುಲು ಒರಟಾಗಿರುತ್ತದೆ, ದಾರದ ಗಂಟು, ಗಟ್ಟಿ ಪೇಪರು. ನೀವು ಬೆನ್ನ ಮೇಲೆ ಮಲಗಿಯೇ ಅರ್ಧ ಆಟ ಆಡುವವರು. ಒಳಗೆ ರ‍್ಯಾಶ್‌ಗಾರ್ಡ್ ಎಂಬ ಒಳಅಂಗಿ ಇದ್ದರೂ ಉಜ್ಜುತ್ತದೆ. ಅಂದ ಹಾಗೆ ಹೆಂಗಸರು ಅಂಗಿಯ ಒಳಗೆ ಮೈಗಂಟುವ ರ‍್ಯಾಶ್‌ಗಾರ್ಡ್ ಹಾಕಲೇಬೇಕು ಅನ್ನುವುದು ಸ್ಪರ್ಧೆಯ ನಿಯಮವೇ. ಅದನ್ನು ಯಾರು ಬರೆದರೋ, ಅವರಿಗೊಂದು ನಮಸ್ಕಾರ. ಬಿಳಿ, ರಾಯಲ್ ಬ್ಲೂ, ಕಪ್ಪು ಮೂರೂ ಬಣ್ಣ ಸ್ಪರ್ಧೆಗೆ ನಡೆಯುತ್ತವೆ. ಆದರೆ ಕಪ್ಪು ಬಟ್ಟೆ ಬೋರ್‌ವೆಲ್ ನೀರಿಗೆ ಬಿದ್ದು ಒಂದು ವರ್ಷದಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಿಳಿಗೆ ಆ ಚಿಂತೆ ಇಲ್ಲ. ನಿಮ್ಮ ಅಕಾಡೆಮಿಯಲ್ಲಿ ಅಕಾಡೆಮಿಯ ಹೆಸರಿರುವ ಗಿಯನ್ನೇ ಹಾಕಬೇಕು ಅನ್ನುತ್ತಾರಾ? ಕೆಲವು ಕಡೆ ಹಾಗಿರುತ್ತದೆ. ಆರ್ಡರ್ ಮಾಡುವ ಮೊದಲು ನಿಮ್ಮ ಸರ್ ಹತ್ತಿರ ಕೇಳಿಕೋ.

ಅಳತೆ ವಿಷಯ ಬಂದರೆ ನೀನು ನನ್ನ ಮಗಳು ಅನ್ನುವುದನ್ನು ಮರೆಯುತ್ತೀ. "ನಂದು ಎಂ ಸೈಜು" ಅಂತ ಬರೆದಿದ್ದೀ. ಗಿಯಲ್ಲಿ ಎಂ ಅಂದರೆ ಕೆಲವು ಕಂಪನಿಗಳಲ್ಲಿ ಮಕ್ಕಳ ಸೈಜು! ದೊಡ್ಡವರಿಗೆ ಎ-0, ಎ-1, ಎ-2 ಅಂತ ಹೋಗುತ್ತದೆ, ಹೆಂಗಸರಿಗೆ ಎಫ್ ಅಕ್ಷರ ಸೇರಿಸುತ್ತಾರೆ. ಹೆಂಗಸರದ್ದೇ ತಗೋ. ಭುಜ ಕಿರಿದು, ಸೊಂಟದ ಕೆಳಗೆ ಅಗಲ. ಗಂಡಸರ ಎ-1 ಹಾಕಿದರೆ ಭುಜ ಜೋತು ಬೀಳುತ್ತದೆ, ಪ್ಯಾಂಟು ತೊಡೆಗೆ ಬಿಗಿಯುತ್ತದೆ. ಒಂದು ಕಂಪನಿಯ ಎ-1 ಇನ್ನೊಂದರ ಎ-1 ಅಲ್ಲ, ಆದ್ದರಿಂದ ಎತ್ತರ ತೂಕದ ಪಟ್ಟಿ ನೋಡು, ಅದಕ್ಕಿಂತ ಹೆಚ್ಚಾಗಿ ಇಂಚಿನ ಅಳತೆ ನೋಡು.

ಕುಗ್ಗುವುದನ್ನೂ ಲೆಕ್ಕ ಹಾಕು. ಬ್ಲೌಸಿನ ಲೈನಿಂಗ್ ಬಟ್ಟೆಯನ್ನು ನಾನು ನೀರಿಗೆ ಹಾಕಿ ಒಣಗಿಸದೆ ಕತ್ತರಿ ಇಡುವುದೇ ಇಲ್ಲ, ನೀನು ಚಿಕ್ಕಂದಿನಿಂದ ನೋಡಿದ್ದೀ. ಗುಳೇದಗುಡ್ಡದ ಖಣ ಅಷ್ಟು ಚೆಂದ ಕೂತಿರುತ್ತದೆ, ಒಳಗಿನ ಲೈನಿಂಗ್ ಕುಗ್ಗಿದರೆ ಎಲ್ಲ ಮುದುಡುತ್ತದೆ. ಗಿ ಕೂಡ ಹತ್ತಿಯದೇ. ಮೊದಲೇ ಕುಗ್ಗಿಸಿದ್ದು ಅಂತ ಬರೆದಿದ್ದರೂ ಇನ್ನಷ್ಟು ಕುಗ್ಗುತ್ತದೆ. ನೂರಕ್ಕೆ ಐದು ಅಂದುಕೊಂಡರೆ 60 ಸೆಂಟಿಮೀಟರ್ ತೋಳಿನಲ್ಲಿ 3 ಹೋಯಿತು. ಸ್ಪರ್ಧೆಯಲ್ಲಿ ಕೈ ಮುಂದೆ ಚಾಚಿದಾಗ ತೋಳಿನ ಅಂಚಿಗೂ ಮಣಿಕಟ್ಟಿಗೂ 5 ಸೆಂಟಿಮೀಟರಿಗಿಂತ ಜಾಸ್ತಿ ಅಂತರ ಇರಬಾರದು. ಪ್ಯಾಂಟಿಗೂ ಅಷ್ಟೇ, ಕಾಲಿನ ಗಿಣ್ಣಿನಿಂದ 5. ಹೊಸದಾಗಿದ್ದಾಗಲೇ ಮಣಿಕಟ್ಟಿಗಿಂತ 4 ಸೆಂಟಿಮೀಟರ್ ಮೇಲಿದ್ದರೆ, ನಾಲ್ಕು ಸಲ ಒಗೆದ ಮೇಲೆ ಆ ಅಂಗಿ ಮನೆಯ ಪ್ರಾಕ್ಟೀಸಿಗೆ ಮಾತ್ರ. ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಏನೂ ತಿಳಿಯುವುದಿಲ್ಲ. ನೆಲಕ್ಕೆ ಮಲಗು, ಎರಡೂ ಮೊಣಕಾಲು ಎದೆಗೆ ತಾ, ಕೈ ತಲೆ ಮೇಲೆ ಎತ್ತು. ಎಲ್ಲಿ ಹಿಡಿಯುತ್ತದೆ ಅಂತ ಮೈಗೇ ಗೊತ್ತಾಗುತ್ತದೆ.

ಎರಡು ಯಾಕೆ ಅಂತ ಕೇಳುತ್ತೀ. ನಮ್ಮ ಬಾಗಲಕೋಟೆಯ ಬಿಸಿಲಿಗೆ ಬೆಳಿಗ್ಗೆ ಹಾಕಿದ ಚಾದರ ಮಧ್ಯಾಹ್ನ ಮಡಚಿಡಬಹುದು. ಬೆಂಗಳೂರಿನ ಜುಲೈಯಲ್ಲಿ ಹಾಸ್ಟೆಲ್ ಬಾಲ್ಕನಿಯಲ್ಲಿ ಗಿ ಒಣಗಲು ಎರಡು ದಿನ ಬೇಕು. ನೀನು ವಾರಕ್ಕೆ ನಾಲ್ಕು ದಿನ ಹೋಗುತ್ತೀ. ಒಂದೇ ಇದ್ದರೆ ಏನು ಮಾಡುತ್ತೀ ಅಂತ ನನಗೆ ಗೊತ್ತು. ಹಸಿಯದ್ದನ್ನೇ ಹಾಕುತ್ತೀ, ಇಲ್ಲವೇ ಒಗೆಯದೆ ಹಾಕುತ್ತೀ. ಎರಡೂ ಬೇಡ. ಗರಡಿಯ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸುತ್ತಿದ್ದರು, ಆ ಮಣ್ಣಿಗೊಂದು ಆರೈಕೆ ಇತ್ತು. ನಿಮ್ಮ ಮ್ಯಾಟಿಗೆ ದಿನಾ ಔಷಧಿ ಹಾಕಿ ಒರೆಸುವುದೇ ಆರೈಕೆ. ಒಬ್ಬರ ಮೈಗೆ ಹುಳುಕಡ್ಡಿ ಎದ್ದರೆ ಉಳಿದವರಿಗೂ ಹತ್ತುತ್ತದೆ. ಮೈ ಮೇಲೆ ಉಂಗುರದಂಥ ಕೆಂಪು ಕಂಡರೆ ಕ್ಲಾಸಿಗೆ ಹೋಗಬೇಡ, ಡಾಕ್ಟರಿಗೆ ತೋರಿಸು, ಮೆಡಿಕಲ್ ಅಂಗಡಿಯಲ್ಲಿ ಯಾವುದೋ ಟ್ಯೂಬ್ ಕೇಳಿ ಹಚ್ಚಬೇಡ. ಉಗುರು ಕತ್ತರಿಸು. ಬಚ್ಚಲಿಗೆ ಬರಿಗಾಲಲ್ಲಿ ಹೋಗಿ ಅದೇ ಕಾಲಲ್ಲಿ ಮ್ಯಾಟ್ ಹತ್ತುವವರನ್ನು ಕಂಡರೆ ಹೇಳು, ನಾಚಿಕೆ ಬೇಡ.

ಮನೆಗೆ ಬಂದ ಕೂಡಲೇ ಚೀಲದಿಂದ ತೆಗೆ. ತಣ್ಣೀರು, ಸಾದಾ ಸೋಪಿನ ಪುಡಿ. ಬಿಳಿ ಅಂತ ಬ್ಲೀಚ್ ಹಾಕಬೇಡ, ಹತ್ತಿಯ ಎಳೆ ಸಾಯುತ್ತದೆ. ಬಿಸಿನೀರೂ ಬೇಡ, ಡ್ರೈಯರೂ ಬೇಡ. ಬೆಲ್ಟನ್ನೂ ಒಗೆ. ಒಗೆದರೆ ಕಲಿತದ್ದು ಹೋಗುತ್ತದೆ ಅನ್ನುವವರಿದ್ದಾರಂತೆ, ಅವರ ಪಕ್ಕ ನಿಲ್ಲಬೇಡ.

ನಿಮ್ಮಪ್ಪನಿಗೆ ಗಂಡುಹುಡುಗರ ಜೊತೆ ಆಡುತ್ತೀಯಲ್ಲ ಅಂತ ಇನ್ನೂ ಮುಜುಗರ. ನನಗೆ ಅದಲ್ಲ. ನನ್ನ ಭಯ ನಿನ್ನ ಹಟದ್ದು. ತೋಳು ಸಿಕ್ಕಿಬಿದ್ದರೂ ಕೈ ಬಡಿದು ಸೋತೆ ಅನ್ನದವಳು ನೀನು. ಸಂದು ಮುರಿಯುವ ಪಟ್ಟಿನಲ್ಲಿ ನೋವು ಶುರುವಾಗುವುದಕ್ಕೂ ಸಂದಿನ ಕಟ್ಟು (ಲಿಗಮೆಂಟ್) ಹರಿಯುವುದಕ್ಕೂ ನಡುವೆ ಜಾಗ ತುಂಬ ಕಡಿಮೆ. ಬೇಗ ಟ್ಯಾಪ್ ಮಾಡು. ಕೈ ಸಿಗದಿದ್ದರೆ ಕಾಲು ಬಡಿ, ಇಲ್ಲ ಬಾಯಲ್ಲಿ ಕೂಗು. ತೀರಾ ಜೋರು ಮಾಡುವವನ ಜೊತೆ ಆಡಲ್ಲ ಅನ್ನುವ ಹಕ್ಕು ನಿನಗಿದೆ, ಅದಕ್ಕೆ ಕಾರಣ ಕೊಡಬೇಕಿಲ್ಲ.

ನೀಲಿ ಬೆಲ್ಟ್ ಯಾವಾಗ ಅಂತ ಅಜ್ಜ ದಿನಾ ಕೇಳುತ್ತಾರೆ. ಬಿಳಿ, ನೀಲಿ, ನೇರಳೆ, ಕಂದು, ಕಪ್ಪು, ಕಪ್ಪಿಗೆ ಬರಲು ಹತ್ತು ವರ್ಷ ಹಿಡಿಯುವುದು ಸಾಮಾನ್ಯ ಅಂದೆ. "ಹಾಗಾದರೆ ನಾನು ನೋಡುತ್ತೇನೆ" ಅಂದರು. ಅವರಿಗೆ ಎಂಬತ್ತೊಂದು.

ಭಾನುವಾರದೊಳಗೆ ಅಳತೆ ಕಳಿಸು. ಭುಜ, ಎದೆ, ಸೊಂಟ, ಪೃಷ್ಠ, ತೋಳು, ಕಾಲಿನ ಒಳ ಅಳತೆ. ಕಾಲಿನದ್ದು ಒಬ್ಬಳೇ ಬಗ್ಗಿ ತೆಗೆಯಬೇಡ, ತಪ್ಪುತ್ತದೆ, ರೂಮಿನ ಗೆಳತಿಯ ಕೈಲಿ ತೆಗೆಸು. ಎರಡು ಕಂಪನಿಗಳ ಪಟ್ಟಿ ಪಕ್ಕದಲ್ಲಿಟ್ಟು ನಾನೇ ಸೈಜು ಹೇಳುತ್ತೇನೆ. ಪ್ಯಾಂಟಿಗೆ ಚಪ್ಪಟೆ ಲಾಡಿ ಬಂದರೆ ಆಟದ ನಡುವೆ ಬಿಚ್ಚಿಕೊಳ್ಳುತ್ತದೆ, ದುಂಡನೆಯ ಹಗ್ಗದ ಲಾಡಿ ನನ್ನ ಹತ್ತಿರ ಇದೆ, ಕರದಂಟಿನ ಡಬ್ಬಿಯಲ್ಲಿ ಎರಡು ಇಟ್ಟು ಕಳಿಸುತ್ತೇನೆ.

ನಿನ್ನ ಅವ್ವ