ಬಾಟಲಿ ನೋಡಿ ಹೊಗಳಿದವರಿಗೆ, ಮತ್ತು ಹೊಗಳಿಕೆ ಸಲ್ಲಬೇಕಾದವರಿಗೆ

ಕೊನೆಯ ಪೆಟ್ಟಿಗೆ ನಿನ್ನೆ ಪೀಣ್ಯದ ನಮ್ಮ ಶೆಡ್‌ನಿಂದ ಹೊರಟಿತು. ಸಂಗ್ರಹಕಾರರಿಗೆಂದೇ ತೆಗೆದಿಟ್ಟ ಸಿಂಗಲ್ ಮಾಲ್ಟ್ ವಿಸ್ಕಿಗೆ ಬಾಯಲ್ಲಿ ಊದಿ ಮಾಡಿದ ಬಾಟಲಿಗಳು. ಲ್ಯಾಬ್‌ಗಳಿಗೆ ಫ್ಲಾಸ್ಕ್, ಕಂಡೆನ್ಸರ್ ಮಾಡಿಕೊಂಡಿದ್ದ ನಮಗೆ ಇಂಥ ಆರ್ಡರ್ ಇದೇ ಮೊದಲು. ಫೋಟೋ ನೋಡಿ ಎಲ್ಲರೂ ನನ್ನನ್ನೇ ಹೊಗಳುತ್ತಿದ್ದೀರಿ. ಅದು ಸರಿಯಲ್ಲ.

ಮೊದಲ ಥ್ಯಾಂಕ್ಸ್ ನಮ್ಮ ಮೇಷ್ಟ್ರಿಗೆ. ರಿಟೈರ್ ಆಗಿದ್ದರೂ ದಿನಾ ಬಂದರು. ಗಾಜು ಆರುವಾಗ ಹೊರಮೈ ಬೇಗ ಗಟ್ಟಿಯಾಗುತ್ತದೆ, ಒಳಗೆ ಬಿಗಿತ ಉಳಿಯುತ್ತದೆ. ಅದು ಹೋಗಬೇಕಾದರೆ, ಬೋರೋಸಿಲಿಕೇಟ್ (ಲ್ಯಾಬ್ ಸಾಮಾನಿನ ಗಾಜು) ಆದರೆ ಓವನ್‌ನಲ್ಲಿ ಸುಮಾರು 560 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ಬಿಸಿಯನ್ನು ನಿಧಾನಕ್ಕೆ ಇಳಿಸಬೇಕು. ತಳ ದಪ್ಪಗಿದ್ದಷ್ಟೂ ಹೊತ್ತು ಜಾಸ್ತಿ. ಡೇಟ್ ಹತ್ತಿರ ಬಂದು ನಾವು ಚಡಪಡಿಸುತ್ತಿದ್ದರೆ, "ಬಾಗಿಲು ತೆಗೀಬೇಡ ಕಣೋ" ಅಂತ ಓವನ್ ಮುಂದೆ ಕುರ್ಚಿ ಹಾಕಿಕೊಂಡು ಕೂತೇಬಿಟ್ಟರು. ಪ್ರತಿ ಬಾಟಲಿಯನ್ನೂ ಪೋಲರಿಸ್ಕೋಪ್‌ನಲ್ಲಿ, ಅಂದರೆ ಗಾಜಿನೊಳಗಿನ ಬಿಗಿತವನ್ನು ಬಣ್ಣವಾಗಿ ತೋರಿಸುವ ಉಪಕರಣದಲ್ಲಿ, ನೋಡಿದರು. ಬಿಗಿತದ ಬಣ್ಣ ಕಂಡರೆ ಮತ್ತೆ ಓವನ್‌ಗೇ.

ಗಿರಾಕಿಗೂ ಥ್ಯಾಂಕ್ಸ್. ಅವರಿಗೆ ಸೀಸ ಬೆರೆತ ಕ್ರಿಸ್ಟಲ್ ಗಾಜು ಬೇಕಿತ್ತು. ಅದರ ಹೊಳಪು ಬೇರೆಯೇ, ಒಪ್ಪುತ್ತೇನೆ. ಆದರೆ ವಿಸ್ಕಿ ವರ್ಷಗಟ್ಟಲೆ ಅದರಲ್ಲೇ ಇದ್ದರೆ ಸೀಸ ಒಳಗಿಳಿಯುತ್ತದೆ. ಮೇಷ್ಟ್ರು ಹೇಳಿದ್ದಕ್ಕೆ ಒಪ್ಪಿದರು. ಅಡ್ವಾನ್ಸನ್ನೂ ಹೇಳಿದ ದಿನವೇ ಕೊಟ್ಟರು, ಅದು ಇನ್ನೂ ಅಪರೂಪ!

ಬಿರಡೆ ತಿಕ್ಕಿದ ಅಕ್ಕನ ಕೆಲಸ ಫೋಟೋದಲ್ಲಿ ಕಾಣುವುದೇ ಇಲ್ಲ. ನೀರು, ಕಾರ್ಬೊರಂಡಂ ಅನ್ನೋ ಗಟ್ಟಿ ಉಜ್ಜುಪುಡಿ ಹಾಕಿ ಒಂದೊಂದು ಬಿರಡೆಯನ್ನೂ ಅದರದೇ ಬಾಟಲಿಯ ಕುತ್ತಿಗೆಗೆ ಕೂರುವಂತೆ ತಿಕ್ಕಿದರು. ಒಂದರದ್ದು ಇನ್ನೊಂದಕ್ಕೆ ಕೂರಲ್ಲ, ಅದಕ್ಕೇ ಜೋಡಿಗೆ ನಂಬರ್. ಬೆಂಗಳೂರಿನ ವಿಸ್ಕಿ ಕಂಪನಿ ಅಮೃತ್ 2004ರಲ್ಲಿ ಗ್ಲಾಸ್ಗೋಗೆ ಸಿಂಗಲ್ ಮಾಲ್ಟ್ ಒಯ್ದಾಗಿನಿಂದ ಇಲ್ಲಿನ ಪೀಪಾಯಿಗಳ ಕಥೆ ಹೊರಗೂ ಗೊತ್ತು: ಪೀಪಾಯಿಯಲ್ಲಿಟ್ಟ ವಿಸ್ಕಿ ಸ್ಕಾಟ್ಲೆಂಡ್‌ನಲ್ಲಿ ವರ್ಷಕ್ಕೆ ಶೇಕಡ 2ರಷ್ಟು ಆವಿಯಾದರೆ ನಮ್ಮ ಬಿಸಿಲಿಗೆ ಶೇಕಡ 10ಕ್ಕೂ ಜಾಸ್ತಿ. ಅಷ್ಟೆಲ್ಲ ಹೋಗಿ ಉಳಿದದ್ದು ಬಿರಡೆ ಸಂದಿಯಲ್ಲೂ ಹೋಗಬಾರದು ಅಲ್ವಾ?

ಪಕ್ಕದ ವೆಲ್ಡಿಂಗ್ ಶಾಪ್ ಅಣ್ಣ, ಭಾನುವಾರ ಆಕ್ಸಿಜನ್ ಮುಗಿದಾಗ ಕೊಟ್ಟ ಸಿಲಿಂಡರ್ ಸೋಮವಾರ ತುಂಬಿಸಿ ತರುತ್ತೇನೆ. ಮನೆಯವಳಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾಳೆ, ಆದರೂ ಹೇಳಿದ್ದೇನೆ.

ಇನ್ನು, ವಿಸ್ಕಿ ಹೇಗಿತ್ತು ಅಂತ ಫೋನ್ ಮಾಡುತ್ತಿರುವ ಗೆಳೆಯರೇ, ನಮ್ಮ ಕೈಯಿಂದ ಹೋದದ್ದು ಖಾಲಿ ಬಾಟಲಿ.